ತಟಸ್ಥ ರಾಷ್ಟ್ರದ ಮೇಲೆ ದಂಡಯಾತ್ರೆ: ನಾರ್ವೆಯ ಒಂದು ಬೆಳಗು ಮತ್ತು ಇಂದಿನ ಯೂರೋಪು

ಯೂರೋಪಿನ ಭೂಪಟದಲ್ಲಿ ತಟಸ್ಥವೆಂದು ಕರೆಯಬಹುದಾದ ದೇಶಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. 2023ರ ಏಪ್ರಿಲ್ 4ರಂದು ಫಿನ್ಲೆಂಡ್ ನ್ಯಾಟೋ ಒಕ್ಕೂಟವನ್ನು ಸೇರಿತು. 2024ರ ಮಾರ್ಚ್ 7ರಂದು ಸ್ವೀಡನ್ ಅದೇ ಹಾದಿ ಹಿಡಿಯಿತು. ಎರಡು ಶತಮಾನಗಳಿಗೂ ಹೆಚ್ಚು ಕಾಲ ಯಾವ ಮಹಾಯುದ್ಧಕ್ಕೂ ಇಳಿಯದೆ, ಯಾವ ಸೇನಾಕೂಟಕ್ಕೂ ಸೇರದೆ ಉಳಿದಿದ್ದ ದೇಶವೊಂದು ತನ್ನ ಹಳೆಯ ವ್ರತವನ್ನು ಹೀಗೆ ಕೈಬಿಟ್ಟದ್ದು ಸಣ್ಣ ಸಂಗತಿಯಲ್ಲ. 2022ರ ಫೆಬ್ರವರಿ 24ರಂದು ರಷ್ಯವು ಯುಕ್ರೇನಿನ ಮೇಲೆ ನಡೆಸಿದ ದಂಡಯಾತ್ರೆಯೇ ಇದಕ್ಕೆ ಕಾರಣವೆಂಬುದು ಎಲ್ಲರೂ ಬಲ್ಲ ವಿಷಯ.

ಅಂದಿನಿಂದ ನಮ್ಮ ನಡುವೆಯೂ, ಲೋಕಲ್ ರೈಲಿನ ಪ್ರಯಾಣದಲ್ಲಿಯೂ ಸಂಘದ ವಾಚನಾಲಯದಲ್ಲಿಯೂ, ಒಂದು ಚರ್ಚೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಯುಕ್ರೇನ್ ತಾನು ತಟಸ್ಥನೆಂದು ಸಾರಿ ಸುಮ್ಮನಿದ್ದರೆ ಈ ಅನಾಹುತ ಒದಗುತ್ತಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ತಾಟಸ್ಥ್ಯವೆಂಬುದು ಬರಿಯ ಕಾಗದದ ಮಾತು, ಬಲವಿದ್ದವನದೇ ನ್ಯಾಯ ಎಂದು ಬೇರೆ ಕೆಲವರು. ಮೊದಲನೆಯ ವಾದಕ್ಕೆ ಒಂದು ತೊಡಕಿದೆ. 2010ರಲ್ಲಿ ಯುಕ್ರೇನ್ ಸಂಸತ್ತು ಯಾವ ಸೇನಾಕೂಟಕ್ಕೂ ಸೇರುವುದಿಲ್ಲವೆಂದು ಕಾನೂನು ಮಾಡಿತ್ತು. ಆ ಕಾನೂನು ಜಾರಿಯಲ್ಲಿದ್ದಾಗಲೇ, 2014ರ ಮಾರ್ಚ್ ತಿಂಗಳಲ್ಲಿ, ಕ್ರಿಮಿಯ ಕೈತಪ್ಪಿತು. ಕಾನೂನನ್ನು ಹಿಂತೆಗೆದುಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಎರಡನೆಯ ವಾದಕ್ಕೂ ತೊಡಕುಗಳುಂಟು; ಆದರೆ ಅವನ್ನು ಕಾಣಬೇಕಾದರೆ ಎಂಟು ದಶಕಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. 1940ರ ಏಪ್ರಿಲ್ 9ರಂದು ತಟಸ್ಥ ನಾರ್ವೆಯ ಮೇಲೆ ಜರ್ಮನಿ ಸಮುದ್ರದಿಂದಲೂ ಆಕಾಶದಿಂದಲೂ ಏಕಕಾಲಕ್ಕೆ ನಡೆಸಿದ ಆಕ್ರಮಣದ ಕಥೆಯನ್ನು ನಾವು ಇಲ್ಲಿ ಎತ್ತಿಕೊಳ್ಳುವುದು ಆ ಕಾರಣಕ್ಕಾಗಿ.

ನಾರ್ವೆ 1905ರಲ್ಲಿ ಸ್ವೀಡನ್ನಿನಿಂದ ಬೇರ್ಪಟ್ಟ ಎಳೆಯ ರಾಷ್ಟ್ರ. ಜನಸಂಖ್ಯೆ ಮೂವತ್ತು ಲಕ್ಷದ ಆಸುಪಾಸು. ಅರಸ ಏಳನೆಯ ಹಾಕೊನ್ ಮೂಲತಃ ಡೆನ್ಮಾರ್ಕಿನ ರಾಜಕುಮಾರ; ಜನರ ಮತದಿಂದ ಆರಿಸಿ ಬಂದವನು. ಮೊದಲ ಮಹಾಯುದ್ಧದಲ್ಲಿ ತಟಸ್ಥವಾಗಿ ಉಳಿದಿದ್ದ ಈ ದೇಶ ಎರಡನೆಯದರಲ್ಲಿಯೂ ಹಾಗೆಯೇ ಉಳಿಯಬಹುದೆಂದು ನಂಬಿತ್ತು. ಸೈನ್ಯ ಸಣ್ಣದು, ನೌಕಾಪಡೆ ಹಳೆಯದು. ಆದರೆ ವ್ಯಾಪಾರಿ ಹಡಗುಗಳ ಲೆಕ್ಕದಲ್ಲಿ ಮಾತ್ರ ಅದು ಜಗತ್ತಿನ ಮೊದಲ ನಾಲ್ಕೈದು ದೇಶಗಳಲ್ಲಿ ಒಂದಾಗಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಜಗಳದ ಮೂಲ ನಾರ್ವೆಯದೂ ಅಲ್ಲದ ಒಂದು ವಸ್ತು: ಸ್ವೀಡನ್ನಿನ ಉತ್ತರದ ಕಿರುನಾ ಮತ್ತು ಯೆಲ್ಲಿವಾರೆ ಗಣಿಗಳ ಕಬ್ಬಿಣದ ಅದಿರು. ಜರ್ಮನಿಯ ಉಕ್ಕಿನ ಕಾರ್ಖಾನೆಗಳು ಈ ಅದಿರನ್ನು ನೆಚ್ಚಿಕೊಂಡಿದ್ದವು. ಬೇಸಿಗೆಯಲ್ಲಿ ಅದು ಬಾಲ್ಟಿಕ್ ಕಡಲಿನ ಲೂಲಿಯೊ ಬಂದರಿನಿಂದ ಹೋಗುತ್ತಿತ್ತು. ಚಳಿಗಾಲದಲ್ಲಿ ಆ ಬಂದರು ಹೆಪ್ಪುಗಟ್ಟುವುದರಿಂದ ಅದಿರು ರೈಲಿನಲ್ಲಿ ಬೆಟ್ಟ ದಾಟಿ ನಾರ್ವೆಯ ನಾರ್ವಿಕ್ ಬಂದರಿಗೆ ಬರುತ್ತಿತ್ತು. ಧ್ರುವವೃತ್ತದ ಆಚೆಗಿದ್ದರೂ ಬೆಚ್ಚಗಿನ ಸಾಗರಪ್ರವಾಹದ ದೆಸೆಯಿಂದ ಅಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಅಲ್ಲಿಂದ ಹಡಗುಗಳು ತೀರಕ್ಕೂ ಸಾಲು ದ್ವೀಪಗಳಿಗೂ ನಡುವಿನ ಓಣಿಯಂಥ ಜಲಮಾರ್ಗದಲ್ಲಿ, ಅಂದರೆ ನಾರ್ವೆಯ ಸ್ವಂತ ಕಡಲಿನೊಳಗೇ, ದಕ್ಷಿಣಕ್ಕೆ ಇಳಿಯುತ್ತಿದ್ದವು. ತಟಸ್ಥ ದೇಶದ ಕಡಲಿನಲ್ಲಿ ಇಂಥ ಸಂಚಾರಕ್ಕೆ ಅಂತಾರಾಷ್ಟ್ರೀಯ ಕಾನೂನಿನ ಅಡ್ಡಿಯಿರಲಿಲ್ಲ. ಜಗತ್ತಿನ ಅತಿ ದೊಡ್ಡ ನೌಕಾಪಡೆಯನ್ನು ಹೊಂದಿದ್ದ ಬ್ರಿಟನ್ ಆ ಓಣಿಯ ಹೊರಗೆ ನಿಂತು ಹಲ್ಲು ಕಡಿಯಬೇಕಾಗಿತ್ತು.

1940ರ ಫೆಬ್ರವರಿ 16ರಂದು ಆ ಸಹನೆ ಕಳಚಿತು. ಬಂಧಿತ ಬ್ರಿಟಿಷ್ ನಾವಿಕರನ್ನು ಹೊತ್ತ ‘ಆಲ್ಟ್‌ಮಾರ್ಕ್’ ಎಂಬ ಜರ್ಮನ್ ಹಡಗು ನಾರ್ವೆಯ ಯೋಸಿಂಗ್ ಕೊಲ್ಲಿಯಲ್ಲಿ ಆಶ್ರಯ ಪಡೆದಿದ್ದಾಗ ‘ಕೊಸಾಕ್’ ಎಂಬ ಬ್ರಿಟಿಷ್ ಡಿಸ್ಟ್ರಾಯರ್ ಒಳಹೊಕ್ಕು 299 ಮಂದಿಯನ್ನು ಬಿಡಿಸಿಕೊಂಡು ಹೋಯಿತು. ಸ್ಥಳದಲ್ಲಿದ್ದ ನಾರ್ವೆಯ ಎರಡು ಸಣ್ಣ ನೌಕೆಗಳು ಪ್ರತಿಭಟಿಸಿದವೇ ಹೊರತು ಗುಂಡು ಹಾರಿಸಲಿಲ್ಲ. ಲಂಡನ್ನಿನಲ್ಲಿ ಜಯಘೋಷವಾಯಿತು. ಬರ್ಲಿನ್ನಿನಲ್ಲಿ ಹಿಟ್ಲರ್ ಇದರಿಂದ ಬೇರೊಂದು ಅರ್ಥ ತೆಗೆದ: ನಾರ್ವೆ ತನ್ನ ಕಡಲನ್ನು ಬ್ರಿಟಿಷರಿಂದ ಕಾಯಲಾರದು, ಆದುದರಿಂದ ಅವರಿಗಿಂತ ಮೊದಲು ನಾವು ಅಲ್ಲಿರಬೇಕು. ಮಾರ್ಚ್ 1ರಂದು ಆಕ್ರಮಣದ ಆದೇಶಪತ್ರ ಹೊರಬಿತ್ತು. ನೇತೃತ್ವ ವಹಿಸಿದ ಜನರಲ್ ಫಾಲ್ಕನ್‌ಹೋರ್ಸ್ಟನಿಗೆ ಕೆಲವೇ ಗಂಟೆಗಳಲ್ಲಿ ಸ್ಥೂಲ ಯೋಜನೆ ಒಪ್ಪಿಸಬೇಕೆಂಬ ಆಜ್ಞೆಯಾದಾಗ ಆತ ಅಂಗಡಿಗೆ ಹೋಗಿ ಬೇಡೆಕರ್ ಪ್ರವಾಸಿ ಕೈಪಿಡಿಯೊಂದನ್ನು ಕೊಂಡು, ಹೋಟೆಲಿನ ಕೋಣೆಯಲ್ಲಿ ಅದನ್ನು ಹರಡಿಕೊಂಡು ಬಂದರುಗಳನ್ನು ಗುರುತು ಹಾಕಿದನೆಂದು ತಾನೇ ಮುಂದೆ ಹೇಳಿಕೊಂಡಿದ್ದಾನೆ. ಪ್ರವಾಸಿಗರಿಗೆಂದು ಬರೆದ ಪುಸ್ತಕಗಳು ಯಾರ ಕೈಗೆ ಬೀಳುತ್ತವೆ ಎಂಬುದನ್ನು ಬರೆದವರು ಊಹಿಸಲಾರರು.

ಇತ್ತ ಬ್ರಿಟನ್ನೂ ಕೈಕಟ್ಟಿ ಕುಳಿತಿರಲಿಲ್ಲ. ಏಪ್ರಿಲ್ 8ರ ಮುಂಜಾನೆ ಅದು ನಾರ್ವಿಕ್ ಬಂದರಿನ ಹಾದಿಯಲ್ಲಿ, ನಾರ್ವೆಯ ಅನುಮತಿಯಿಲ್ಲದೆ, ನೀರಿನಡಿ ಸಿಡಿಗುಂಡುಗಳನ್ನು ಹಾಸಿತು. ಓಸ್ಲೋ ಸರಕಾರ ಆ ದಿನವಿಡೀ ಲಂಡನ್ನಿಗೆ ಪ್ರತಿಭಟನಾ ಪತ್ರ ಬರೆಯುವುದರಲ್ಲಿ ಮುಳುಗಿತ್ತು. ಅದೇ ಹೊತ್ತಿಗೆ ಜರ್ಮನಿಯ ಬಹುಪಾಲು ಯುದ್ಧನೌಕೆಗಳು ಸಮುದ್ರದ ಮೇಲಿದ್ದವು.

ಎಚ್ಚರಿಕೆಯ ಗಂಟೆ ಬಾರಿಸಲಿಲ್ಲವೆಂದು ಹೇಳುವಂತಿಲ್ಲ. ಅಂದು ಮಧ್ಯಾಹ್ನ ದಕ್ಷಿಣ ನಾರ್ವೆಯ ಲಿಲ್ಲೆಸಾಂಡ್ ಬಳಿ ‘ರಿಯೋ ಡಿ ಜನೈರೊ’ ಎಂಬ ಜರ್ಮನ್ ಸರಕುಹಡಗನ್ನು ‘ಓರ್ಜೆಲ್’ ಎಂಬ ಪೋಲಿಷ್ ಜಲಾಂತರ್ಗಾಮಿ ಮುಳುಗಿಸಿತು. ಮೀನುಗಾರರು ದಡಕ್ಕೆ ತಂದ ಜನ ವ್ಯಾಪಾರಿ ನಾವಿಕರಾಗಿರಲಿಲ್ಲ. ಸಮವಸ್ತ್ರ ಧರಿಸಿದ ಸೈನಿಕರಾಗಿದ್ದರು. ಬ್ರಿಟಿಷರಿಂದ ಬೆರ್ಗೆನ್ ನಗರವನ್ನು ರಕ್ಷಿಸಲು ಹೊರಟಿದ್ದೇವೆಂದು ಅವರೇ ಬಾಯಿಬಿಟ್ಟರು. ಸುದ್ದಿ ಓಸ್ಲೋವನ್ನು ಮುಟ್ಟಿತು. ಆದರೂ ಸಂಪೂರ್ಣ ಸೇನಾ ಜಮಾವಣೆಯ ಆಜ್ಞೆ ಹೊರಡಲಿಲ್ಲ. ಆಕ್ರಮಣ ಆರಂಭವಾದ ಮೇಲೆ, ನಡುರಾತ್ರಿಯ ಸಚಿವ ಸಂಪುಟ ಸಭೆ ಕೊಟ್ಟ ಆಜ್ಞೆಯಾದರೂ ಎಂಥದು? ಭಾಗಶಃ ಜಮಾವಣೆ, ಅದೂ ಸೈನಿಕರ ಮನೆಗಳಿಗೆ ಅಂಚೆಯ ಮೂಲಕ ಕಾಗದ ಕಳುಹಿಸುವ ಕ್ರಮ! ವೈರಿ ಬಾಗಿಲು ಮುರಿಯುತ್ತಿರುವಾಗ ಪೋಸ್ಟ್‌ಮ್ಯಾನನ ದಾರಿ ಕಾಯುವ ಈ ನಿರ್ಣಯವನ್ನು ಯಾವ ದೃಷ್ಟಿಯಿಂದಲೂ ಸಮರ್ಥಿಸಲು ಸಾಧ್ಯವಿಲ್ಲ. ವಿದೇಶಾಂಗ ಸಚಿವ ಹಾಲ್ವ್‌ಡಾನ್ ಕೂಟ್ ಇತಿಹಾಸದ ಪ್ರಾಧ್ಯಾಪಕನಾಗಿದ್ದವನು. ಇತಿಹಾಸ ಓದಿದವರಿಗೆ ಭವಿಷ್ಯ ಕಾಣುತ್ತದೆಂಬ ಭ್ರಮೆ ನಮ್ಮಂಥ ಕಲಾ ಪದವೀಧರರಿಗೆ ಇದ್ದರೆ ಅದನ್ನು ಬಿಡುವುದು ಲೇಸು.

ಜರ್ಮನಿಯ ಯೋಜನೆ ಸಾಹಸದ್ದೇ ಸರಿ. ಸಾವಿರ ಮೈಲಿಗೂ ಮಿಕ್ಕಿದ ತೀರದುದ್ದಕ್ಕೂ ಹರಡಿದ ನಾರ್ವಿಕ್, ಟ್ರೋಂಡ್‌ಹೈಮ್, ಬೆರ್ಗೆನ್, ಕ್ರಿಸ್ಟಿಯಾನ್‌ಸಾಂಡ್, ಓಸ್ಲೋ ಬಂದರುಗಳಿಗೆ ಒಂದೇ ಮುಂಜಾನೆ, ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ, ಯುದ್ಧನೌಕೆಗಳಿಂದ ಸೈನಿಕರನ್ನು ಇಳಿಸುವುದು. ವಿಮಾನನಿಲ್ದಾಣಗಳನ್ನು ಆಕಾಶದಿಂದ ಹಿಡಿಯುವುದು. ಸ್ಟಾವಂಗರ್ ಬಳಿಯ ಸೋಲಾ ನಿಲ್ದಾಣದ ಮೇಲೆ ಪ್ಯಾರಾಶೂಟ್ ಪಡೆ ಇಳಿಯಿತು. ಯುದ್ಧದ ಇತಿಹಾಸದಲ್ಲಿ ಅಂಥ ಪಡೆಯ ಬಳಕೆ ಆ ದಿನವೇ ಮೊದಲು. ಬ್ರಿಟಿಷ್ ನೌಕಾಪಡೆಯ ಕಣ್ಣು ತಪ್ಪಿಸಿ ಇದೆಲ್ಲವನ್ನೂ ಮಾಡಬೇಕಾಗಿದ್ದುದರಿಂದ ಗುಟ್ಟು ಮತ್ತು ವೇಗ ಇವೆರಡೇ ಅವರ ಬಂಡವಾಳ.

ನಾರ್ವಿಕ್ ಬಂದರಿಗೆ ಹತ್ತು ಡಿಸ್ಟ್ರಾಯರುಗಳಲ್ಲಿ ಸುಮಾರು ಎರಡು ಸಾವಿರ ಪರ್ವತ ಸೈನಿಕರು ಬಂದರು. ಕಾವಲಿಗಿದ್ದವು ನಲವತ್ತು ವರ್ಷ ಹಳೆಯ ಎರಡು ನೌಕೆಗಳು, ‘ಐಡ್ಸ್‌ವೋಲ್ಡ್’ ಮತ್ತು ‘ನೋರ್ಗೆ’. ಶರಣಾಗಲು ಹೇಳಿದ ಜರ್ಮನ್ ಅಧಿಕಾರಿಗೆ ‘ಐಡ್ಸ್‌ವೋಲ್ಡ್’ನ ಕ್ಯಾಪ್ಟನ್ ವಿಲ್ಲೋಕ್ ಒಲ್ಲೆನೆಂದ. ಮಾತುಕತೆಗೆ ಬಂದಿದ್ದ ದೋಣಿ ಸುರಕ್ಷಿತ ದೂರಕ್ಕೆ ಸರಿದೊಡನೆಯೇ ಟಾರ್ಪಿಡೊಗಳು ಹಾರಿದವು. ಹಡಗು ಕ್ಷಣಮಾತ್ರದಲ್ಲಿ ಒಡೆದು ಮುಳುಗಿತು. ಸ್ವಲ್ಪ ಹೊತ್ತಿನಲ್ಲೇ ಎರಡನೆಯದೂ. ಎರಡರಲ್ಲೂ ಸೇರಿ ಸತ್ತವರು ಸುಮಾರು 280 ಮಂದಿ. ದಡದಲ್ಲಿದ್ದ ಸೇನಾ ದಳಪತಿ ಊರನ್ನು ಒಪ್ಪಿಸಿಬಿಟ್ಟ. ಟ್ರೋಂಡ್‌ಹೈಮ್, ಬೆರ್ಗೆನ್, ಕ್ರಿಸ್ಟಿಯಾನ್‌ಸಾಂಡ್ ಬಂದರುಗಳೂ ಅದೇ ದಿನ ಬಿದ್ದವು.

ರಾಜಧಾನಿಯ ಹಾದಿಯಲ್ಲಿ ಮಾತ್ರ ಲೆಕ್ಕ ತಪ್ಪಿತು. ಓಸ್ಲೋ ನಗರಕ್ಕೆ ಕಡಲಿನಿಂದ ಹೋಗಬೇಕಾದರೆ ಉದ್ದವಾದ ಕೊಲ್ಲಿಯೊಂದನ್ನು ಹಾಯಬೇಕು. ಅದರ ಕಿರಿದಾದ ಕೊರಳು ಡ್ರೋಬಾಕ್ ಜಲಸಂಧಿ. ಅಲ್ಲಿಯ ನಡುಗಡ್ಡೆಯ ಮೇಲೆ ಆಸ್ಕರ್ಸ್‌ಬೋರ್ಗ್ ಕೋಟೆ. ಕೋಟೆಯ ದೊಡ್ಡ ತೋಪುಗಳು 1890ರ ದಶಕದಲ್ಲಿ ತರಿಸಿದವು, ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿಯೇ ತಯಾರಾದವು. ಮೂರಕ್ಕೂ ಬೈಬಲಿನ ಹೆಸರುಗಳು. ಅಡಿಯ ಬಂಡೆಯೊಳಗೆ ನಲವತ್ತು ವರ್ಷ ಹಳೆಯ ಟಾರ್ಪಿಡೊಗಳು. ಅವುಗಳ ಸುಳಿವು ಜರ್ಮನರಿಗೆ ಇರಲಿಲ್ಲ. ಕೋಟೆಯಲ್ಲಿದ್ದವರಲ್ಲಿ ಹೆಚ್ಚಿನವರು ಹೊಸದಾಗಿ ಸೇರಿದ ಹುಡುಗರು. ಅಧಿಪತಿ ಕರ್ನಲ್ ಬಿರ್ಗರ್ ಎರಿಕ್ಸನ್ ನಿವೃತ್ತಿಯ ಅಂಚಿನಲ್ಲಿದ್ದ 64 ವರ್ಷದ ಮನುಷ್ಯ.

ಮುಂಜಾನೆ ನಾಲ್ಕರ ನಂತರ ಕತ್ತಲಲ್ಲಿ ದೊಡ್ಡ ಹಡಗಿನ ಆಕಾರ ಮೂಡಿತು. ಯಾವ ದೇಶದ್ದೆಂದು ತಿಳಿಯದು. ಯುದ್ಧ ಘೋಷಣೆಯಾಗಿಲ್ಲ. ತಟಸ್ಥ ರಾಷ್ಟ್ರದ ನಿಯಮದಂತೆ ಮೊದಲು ಎಚ್ಚರಿಕೆಯ ಗುಂಡು ಹಾರಿಸಬೇಕು. ಮೇಲಿನಿಂದ ಸ್ಪಷ್ಟ ಆಜ್ಞೆಯೂ ಇಲ್ಲ. ಕೊಲ್ಲಿಯ ಬಾಯಲ್ಲಿ ‘ಪೋಲ್ 3’ ಎಂಬ ಪುಟ್ಟ ಕಾವಲು ದೋಣಿಯನ್ನು ಒಳನುಗ್ಗಿದವರು ಹೊಡೆದಿದ್ದರು. ಅದರ ನಾಯಕ ವೆಲ್ಡಿಂಗ್ ಓಲ್ಸೆನ್ ಆ ಯುದ್ಧದಲ್ಲಿ ಪ್ರಾಣ ಕೊಟ್ಟ ಮೊದಲ ನಾರ್ವೆಯನ್ನ. ಹೊರಗಿನ ಕೋಟೆಗಳು ಎಚ್ಚರಿಸಿದ್ದನ್ನು ಈ ಹಡಗುಗಳು ಲೆಕ್ಕಿಸಿಲ್ಲವೆಂದ ಮೇಲೆ ಅವು ಶತ್ರುಗಳೇ ಎಂದು ಎರಿಕ್ಸನ್ ನಿಶ್ಚಯಿಸಿದ. ತನಗೆ ಪದಕ ದೊರೆಯಬಹುದು, ಇಲ್ಲವೇ ಸೇನಾ ನ್ಯಾಯಾಲಯದ ವಿಚಾರಣೆ ಕಾದಿರಬಹುದು ಎಂದು ಹೇಳಿ ನೇರವಾಗಿ ಗುಂಡು ಹಾರಿಸಲು ಆಜ್ಞೆ ಕೊಟ್ಟ. ಸಮಯ 4 ಗಂಟೆ 21 ನಿಮಿಷ. ಎರಡು ದೊಡ್ಡ ತೋಪುಗಳಿಂದ ಒಂದೊಂದೇ ಗುಂಡು. ಮರಳಿ ತುಂಬಲು ಜನರೂ ಇಲ್ಲ, ಹೊತ್ತೂ ಇಲ್ಲ. ಎರಡೂ ತಾಗಿದವು. ಆಮೇಲೆ ಬಂಡೆಯೊಳಗಿನಿಂದ ಟಾರ್ಪಿಡೊಗಳು ಹೊರಟವು. ‘ಬ್ಲೂಖರ್’ ಎಂಬ ಆ ಹೊಚ್ಚಹೊಸ ಭಾರಿ ಕ್ರೂಸರ್ ಸುಮಾರು ಎರಡು ಗಂಟೆ ಉರಿದು, ಮಗುಚಿ, ನೂರಾರು ಜನರೊಡನೆ ತಳ ಸೇರಿತು. ಓಸ್ಲೋ ನಗರದ ಆಡಳಿತವನ್ನು ವಶಪಡಿಸಿಕೊಳ್ಳಬೇಕಾಗಿದ್ದ ತಂಡ ಅದರಲ್ಲಿತ್ತು. ಹಿಂದಿದ್ದ ಹಡಗುಗಳು ಹಿಮ್ಮೆಟ್ಟಿ ಸೈನಿಕರನ್ನು ಕೆಳಗೆ ದೂರದಲ್ಲಿ ಇಳಿಸಿದವು.

ಈ ಒಂದು ಹಡಗು ಮುಳುಗಿದ್ದರಿಂದ ನಾರ್ವೆ ಉಳಿಯಿತೇ? ಇಲ್ಲ. ಓಸ್ಲೋ ಬಳಿಯ ಫೋರ್ನೆಬು ವಿಮಾನನಿಲ್ದಾಣದಲ್ಲಿ ಸಾರಿಗೆ ವಿಮಾನಗಳಿಂದ ಇಳಿದ ಜರ್ಮನರು ಅದೇ ಮಧ್ಯಾಹ್ನ ವಾದ್ಯ ಬಾರಿಸುತ್ತ ನಗರದೊಳಗೆ ನಡೆದುಬಂದರು. ದೊರೆತದ್ದು ಒಂದು ಪೂರ್ವಾಹ್ನದ ಅವಧಿ, ಅಷ್ಟೆ. ಆ ಅವಧಿಯಲ್ಲಿ ಏನೇನಾಯಿತು ಎಂಬುದರಲ್ಲಿಯೇ ಈ ಕಥೆಯ ಹುರುಳಿದೆ.

ಜರ್ಮನ್ ರಾಯಭಾರಿ ಬ್ರಾಯರ್ ಬೆಳಗಿನ ಜಾವದಲ್ಲಿ ವಿದೇಶಾಂಗ ಸಚಿವನನ್ನು ಕಂಡು ಶರಣಾಗತಿಯ ಷರತ್ತುಗಳನ್ನು ಮುಂದಿಟ್ಟಿದ್ದ. ಸಂಪುಟ ಅದನ್ನು ಅಲ್ಲಿಯೇ ತಿರಸ್ಕರಿಸಿತ್ತು. ಸಂಸತ್ತಿನ ಅಧ್ಯಕ್ಷ ಹಾಂಬ್ರೊ ಏರ್ಪಡಿಸಿದ ವಿಶೇಷ ರೈಲು ಬೆಳಗ್ಗೆ 7 ಗಂಟೆ 23 ನಿಮಿಷಕ್ಕೆ ಅರಸನನ್ನೂ ಮಂತ್ರಿಗಳನ್ನೂ ಸಂಸತ್ ಸದಸ್ಯರನ್ನೂ ಹೊತ್ತು ಉತ್ತರದ ಹಾಮಾರ್ ಪಟ್ಟಣಕ್ಕೆ ಹೊರಟಿತು. ಅಲ್ಲಿಂದ ಎಲ್ವೆರಮ್. ಆ ರಾತ್ರಿ ಸಂಸತ್ತು, ತಾನು ಮತ್ತೆ ಸೇರುವತನಕ ದೇಶದ ಹಿತಕ್ಕೆ ಬೇಕಾದುದನ್ನು ಮಾಡುವ ಅಧಿಕಾರವನ್ನು ಸರಕಾರಕ್ಕೆ ಒಪ್ಪಿಸಿತು. ಕ್ರಮಬದ್ಧವಾಗಿ ಮತ ಹಾಕಿಸಲಿಲ್ಲ. ಯಾರೂ ವಿರೋಧಿಸಲಿಲ್ಲವಾದ್ದರಿಂದ ಅಧ್ಯಕ್ಷರು ಒಪ್ಪಿಗೆಯೆಂದು ಸಾರಿದರು. ಇದರ ಕಾನೂನುಬದ್ಧತೆಯ ಬಗ್ಗೆ ಮುಂದೆ ಸಾಕಷ್ಟು ವಾದವಿವಾದ ನಡೆಯಿತು. ಆದರೂ ಮುಂದಿನ ಐದು ವರ್ಷ ದೇಶಭ್ರಷ್ಟ ಸರಕಾರ ಹೊರಡಿಸಿದ ಪ್ರತಿಯೊಂದು ಆಜ್ಞೆಯೂ ನಿಂತಿದ್ದು ಈ ಒಂದು ನಿರ್ಣಯದ ಮೇಲೆ.

ಅತ್ತ ಓಸ್ಲೋದಲ್ಲಿ ಆ ಸಂಜೆ ವಿಡ್‌ಕುನ್ ಕ್ವಿಸ್ಲಿಂಗ್ ಆಕಾಶವಾಣಿಯಲ್ಲಿ ತನ್ನನ್ನು ತಾನೇ ಪ್ರಧಾನಿಯೆಂದು ಘೋಷಿಸಿಕೊಂಡ. ಮರುದಿನ ಎಲ್ವೆರಮ್‌ನಲ್ಲಿ ಅರಸನನ್ನು ಕಂಡ ಬ್ರಾಯರ್ ಆತನನ್ನು ನೇಮಿಸಬೇಕೆಂದು ಒತ್ತಾಯಿಸಿದ. ನಿರ್ಧಾರ ಸರಕಾರದ್ದು, ಆದರೆ ಕ್ವಿಸ್ಲಿಂಗನನ್ನು ನಾನು ನೇಮಿಸಲಾರೆ, ಸರಕಾರ ಒಪ್ಪುವುದಾದರೆ ಸಿಂಹಾಸನ ಬಿಡುವೆ ಎಂಬುದು ಅರಸ ತನ್ನ ಮಂತ್ರಿಗಳಿಗೆ ಹೇಳಿದ ಮಾತಿನ ಸಾರ. ಏಪ್ರಿಲ್ 11ರಂದು ಅವರಿದ್ದ ನೀಬರ್ಗ್‌ಸುಂಡ್ ಹಳ್ಳಿಯ ಮೇಲೆ ಬಾಂಬುಗಳು ಬಿದ್ದವು. ಅರಸನೂ ಮಂತ್ರಿಗಳೂ ಹಿಮದ ಕಾಡಿನಲ್ಲಿ ಅಡಗಿ ಬದುಕಿದರು. ಅದೇ ಏಪ್ರಿಲ್ 9ರಂದು ಡೆನ್ಮಾರ್ಕ್ ಕೂಡ ಆಕ್ರಮಣಕ್ಕೆ ಒಳಗಾಗಿತ್ತು. ಅದೂ ತಟಸ್ಥವೇ, ಸಾಲದುದಕ್ಕೆ 1939ರಲ್ಲಿ ಜರ್ಮನಿಯೊಡನೆ ಅನಾಕ್ರಮಣ ಒಪ್ಪಂದವನ್ನೂ ಮಾಡಿಕೊಂಡಿತ್ತು. ಅಲ್ಲಿಯ ಅರಸ ಹಾಕೊನನ ಸ್ವಂತ ಅಣ್ಣ. ಸಪಾಟು ನೆಲ, ನೆರೆಯಲ್ಲೇ ಶತ್ರು. ಕೆಲವೇ ಗಂಟೆಗಳಲ್ಲಿ ಅದು ಶರಣಾಯಿತು. ಅವರನ್ನು ಹಳಿಯುವುದು ಸುಲಭ. ಅವರಿಗೆ ಡ್ರೋಬಾಕ್‌ನಂಥ ಕೊರಳೂ ಇರಲಿಲ್ಲ, ಹಿಂದೆ ಸರಿಯಲು ಬೆಟ್ಟವೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಆಪ್ತವೆನಿಸುವ ಅಧ್ಯಾಯ ಬೇರೊಂದಿದೆ. ನಾರ್ವೆಯ ಕೇಂದ್ರ ಬ್ಯಾಂಕು ತನ್ನ ಚಿನ್ನದ ದೊಡ್ಡ ಪಾಲನ್ನು ಮೊದಲೇ ಸಾಗರದಾಚೆಗೆ ಕಳುಹಿಸಿತ್ತು. ಆದರೂ ಓಸ್ಲೋ ಕಚೇರಿಯ ಭದ್ರಕೋಣೆಯಲ್ಲಿ ಸುಮಾರು 50 ಟನ್ ಉಳಿದಿತ್ತು. ಅದನ್ನು ಸ್ಥಳಾಂತರಿಸುವ ಏರ್ಪಾಡು ಕಾಗದದ ಮೇಲೆ ಸಿದ್ಧವಿತ್ತೆಂಬುದೇ ಬ್ಯಾಂಕಿನ ಮುಖ್ಯಸ್ಥ ನಿಕೊಲಾಯ್ ರೀಗ್‌ನ ದೂರದೃಷ್ಟಿಗೆ ಸಾಕ್ಷಿ. ‘ಬ್ಲೂಖರ್’ ಮುಳುಗಿದ ಆ ಬೆಳಗ್ಗೆ ಚಿನ್ನದ ಪೆಟ್ಟಿಗೆಗಳನ್ನೂ ಚಿನ್ನದ ನಾಣ್ಯ ತುಂಬಿದ ಪೀಪಾಯಿಗಳನ್ನೂ 26 ಲಾರಿಗಳಿಗೆ ಏರಿಸಲಾಯಿತು. ಕೊನೆಯ ಲಾರಿ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಹೊರಟಿತು; ಜರ್ಮನ್ ಸೈನಿಕರು ನಗರ ಹೊಕ್ಕುವ ಹೊತ್ತಿಗೆ ಭದ್ರಕೋಣೆ ಬರಿದಾಗಿತ್ತು. ಒಂದು ಶಾಖೆಯಿಂದ ಮತ್ತೊಂದಕ್ಕೆ ಕೆಲವು ಲಕ್ಷ ನಗದು ಕಳುಹಿಸಬೇಕಾದರೆ ಎಷ್ಟು ಸಹಿ, ಎಷ್ಟು ಬೀಗಮುದ್ರೆ, ಎಷ್ಟು ಕಾವಲು ಬೇಕೆಂಬುದನ್ನು ಬಲ್ಲವರಿಗೆ ಆ ಬೆಳಗಿನ ಕೆಲಸದ ತೂಕ ಅರಿವಾದೀತು.

ಚಿನ್ನ ಲಿಲ್ಲೆಹಾಮರ್ ಶಾಖೆಯ ಭದ್ರಕೋಣೆ ಸೇರಿತು. ಜರ್ಮನರು ಅತ್ತ ಮುನ್ನುಗ್ಗಿದಾಗ ರಾತ್ರಿಯ ರೈಲಿನಲ್ಲಿ ಒಂಡಾಲ್ಸ್‌ನೆಸ್ ಬಂದರಿಗೆ ಹೋಯಿತು. ಹೊಣೆ ಹೊತ್ತವನು ಲೇಬರ್ ಪಕ್ಷದ ಫ್ರೆಡ್ರಿಕ್ ಹಾಸ್ಲುಂಡ್; ಜೊತೆಗಿದ್ದವರಲ್ಲಿ ಪ್ರಸಿದ್ಧ ಕವಿ ನೂರ್ದಾಲ್ ಗ್ರೀಗ್ ಒಬ್ಬ. ಮೊದಲ ಕಂತನ್ನು ಬ್ರಿಟಿಷ್ ಕ್ರೂಸರ್ ‘ಗಲಾಟಿಯ’ ಒಯ್ದಿತು. ಉಳಿದುದು ಲಾರಿಗಳಲ್ಲಿ ಬೆಟ್ಟದ ಹಾದಿ ಹಿಡಿದು ಮೋಲ್ಡೆ ಪಟ್ಟಣಕ್ಕೆ ಬಂತು. ಏಪ್ರಿಲ್ 29ರ ರಾತ್ರಿ, ಬಾಂಬಿನ ಬೆಂಕಿಯಲ್ಲಿ ಊರೇ ಉರಿಯುತ್ತಿರುವಾಗ ‘ಗ್ಲಾಸ್ಗೋ’ ಎಂಬ ಕ್ರೂಸರ್ ಅರಸನನ್ನು ಹತ್ತಿಸಿಕೊಂಡು, ಚಿನ್ನದ ಅರ್ಧದಷ್ಟನ್ನು ತುಂಬಿಕೊಂಡು ಹೊರಟಿತು. ಮಿಕ್ಕದ್ದು ಮೀನುಗಾರರ ದೋಣಿಗಳಲ್ಲಿ ತೀರದುದ್ದಕ್ಕೂ ಉತ್ತರದ ಟ್ರೋಮ್ಸೊವರೆಗೆ ಸಾಗಿ, ಅಲ್ಲಿಂದ ‘ಎಂಟರ್‌ಪ್ರೈಸ್’ ಎಂಬ ಕ್ರೂಸರಿನಲ್ಲಿ ಬ್ರಿಟನ್ನಿಗೆ ಹೋಯಿತು. ಮುಂದೆ ಅದರ ಬಹುಭಾಗ ಅಟ್ಲಾಂಟಿಕ್ ದಾಟಿತು. ಲೆಕ್ಕ ಹಾಕಿದಾಗ ಕಂಡ ಕೊರತೆ 297 ಚಿನ್ನದ ನಾಣ್ಯಗಳು. ಪೀಪಾಯಿಯೊಂದು ದಾರಿಯಲ್ಲಿ ಒಡೆದಿತ್ತು. ಬಾಂಬುಗಳ ನಡುವೆ ರೈಲು, ಲಾರಿ, ದೋಣಿ, ಹಡಗುಗಳಲ್ಲಿ ಏಳೆಂಟು ಕಡೆ ಇಳಿಸಿ ಏರಿಸಿದ ಸರಕಿನ ಲೆಕ್ಕ ಇದು! ಯಾವ ಶಾಖೆಯ ಲೆಕ್ಕಪರಿಶೋಧಕನೂ ಇದಕ್ಕೆ ತಲೆದೂಗದಿರಲಾರ.

ಇದಕ್ಕಿಂತಲೂ ದೊಡ್ಡ ಆಸ್ತಿ ತೇಲುತ್ತಿತ್ತು. ನಾರ್ವೆಯ ಸುಮಾರು ಸಾವಿರ ವ್ಯಾಪಾರಿ ಹಡಗುಗಳು ಜಗತ್ತಿನ ಕಡಲುಗಳಲ್ಲಿ ಹರಡಿದ್ದವು. ಓಸ್ಲೋ ರೇಡಿಯೊ ಅವುಗಳಿಗೆ ಬೇರೆ ಆಜ್ಞೆ ಹೊರಡಿಸಿದರೂ ಕ್ಯಾಪ್ಟನ್‌ಗಳು ಕಿವಿಗೊಡಲಿಲ್ಲ. ಎಲ್ವೆರಮ್ ನಿರ್ಣಯದ ಬಲದಿಂದ ಸರಕಾರ ಅವನ್ನೆಲ್ಲ ತನ್ನ ಸುಪರ್ದಿಗೆ ತೆಗೆದುಕೊಂಡು ‘ನೋರ್ಟ್ರಾಶಿಪ್’ ಎಂಬ ಸಂಸ್ಥೆಯ ಮೂಲಕ ನಡೆಸಿತು. ಬ್ರಿಟನ್ನಿಗೆ ತೈಲ ತಂದವುಗಳಲ್ಲಿ ಇವುಗಳ ಪಾಲು ಬಹು ದೊಡ್ಡದು. ಅದರ ಬೆಲೆಯಾಗಿ ಮೂರು ಸಾವಿರಕ್ಕೂ ಮಿಕ್ಕಿ ನಾವಿಕರು ಸಾಗರದಲ್ಲಿ ಜೀವ ತೆತ್ತರು. ದೇಶಭ್ರಷ್ಟ ಸರಕಾರ ಯಾರ ಮುಂದೆಯೂ ಕೈಯೊಡ್ಡದೆ ಬಾಳಿದ್ದು ಈ ಹಡಗುಗಳ ದುಡಿಮೆಯಿಂದ. ಅತ್ತ ದೇಶದೊಳಗೆ ಜರ್ಮನರು ತಮ್ಮ ಆಕ್ರಮಣದ ಖರ್ಚನ್ನು ಅದೇ ಕೇಂದ್ರ ಬ್ಯಾಂಕಿನ ಖಾತೆಗೆ ಬರೆಸುತ್ತ ನೋಟು ಎತ್ತುತ್ತಿದ್ದರು ಎಂಬುದು ಇನ್ನೊಂದು ವಿಪರ್ಯಾಸ.

ಸೇನಾ ಕಾರ್ಯಾಚರಣೆಯ ಉಳಿದ ಭಾಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಏಪ್ರಿಲ್ 10 ಮತ್ತು 13ರ ಎರಡು ಕದನಗಳಲ್ಲಿ ಬ್ರಿಟಿಷ್ ನೌಕಾಪಡೆ ನಾರ್ವಿಕ್ ಬಳಿ ಹತ್ತೂ ಜರ್ಮನ್ ಡಿಸ್ಟ್ರಾಯರುಗಳನ್ನು ನಾಶಮಾಡಿತು. ಬೆರ್ಗೆನ್ ಬಂದರಿನಲ್ಲಿ ‘ಕ್ಯೋನಿಗ್ಸ್‌ಬರ್ಗ್’ ಕ್ರೂಸರನ್ನು ಬ್ರಿಟಿಷ್ ವಿಮಾನಗಳು ಮುಳುಗಿಸಿದವು. ನೆಲದ ಮೇಲೆ ಮಾತ್ರ ಮಿತ್ರಪಕ್ಷಗಳದು ಬರಿಯ ಗೊಂದಲ. ಒಂಡಾಲ್ಸ್‌ನೆಸ್, ನಾಮ್ಸೋಸ್ ಬಂದರುಗಳಲ್ಲಿ ಇಳಿಸಿದ ಪಡೆಗಳನ್ನು ವಿಮಾನಬಲದ ಆಸರೆಯಿಲ್ಲದೆ ಮೇ ತಿಂಗಳ ಮೊದಲ ದಿನಗಳಲ್ಲಿ ಹಿಂತೆಗೆಯಬೇಕಾಯಿತು. ಈ ಸೋಲಿನ ಚರ್ಚೆಯೇ ಲಂಡನ್ನಿನಲ್ಲಿ ಚೇಂಬರ್ಲೇನರ ಕುರ್ಚಿಯನ್ನು ಉರುಳಿಸಿ, ಆ ಸೋಲಿನಲ್ಲಿ ಸಾಕಷ್ಟು ಪಾಲಿದ್ದ ನೌಕಾ ಸಚಿವ ಚರ್ಚಿಲ್ಲರನ್ನು ಮೇ 10ರಂದು ಪ್ರಧಾನಿ ಮಾಡಿತು. ಮೇ 28ರಂದು ನಾರ್ವೆ, ಫ್ರೆಂಚ್, ಪೋಲಿಷ್ ಪಡೆಗಳು ನಾರ್ವಿಕ್ ಪಟ್ಟಣವನ್ನು ಮರಳಿ ಗೆದ್ದವು. ಅಷ್ಟರಲ್ಲಿ ಫ್ರಾನ್ಸ್ ಕುಸಿಯುತ್ತಿದ್ದುದರಿಂದ ಗೆದ್ದ ಊರನ್ನೇ ಬಿಟ್ಟು ಹೊರಡಬೇಕಾಯಿತು. ಜೂನ್ 7ರಂದು ಅರಸ ಟ್ರೋಮ್ಸೊದಿಂದ ಬ್ರಿಟನ್ನಿಗೆ ಹೊರಟ. ಮರುದಿನ ‘ಗ್ಲೋರಿಯಸ್’ ವಿಮಾನವಾಹಕ ನೌಕೆ ಎರಡು ಡಿಸ್ಟ್ರಾಯರುಗಳೊಡನೆ ಮುಳುಗಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಜೂನ್ 10ರಂದು ನಾರ್ವೆಯ ಸೇನೆ ಶಸ್ತ್ರ ಕೆಳಗಿಟ್ಟಿತು. ಒಟ್ಟು 62 ದಿನಗಳು.

ತಟಸ್ಥರ ಮನೆಗೆ ನುಗ್ಗುವುದು ಜರ್ಮನರಿಗೆ ಮಾತ್ರ ಮೀಸಲಾದ ಪಾಪವೆಂದು ಭಾವಿಸಿದರೆ ಇತಿಹಾಸಕ್ಕೆ ಅನ್ಯಾಯವಾದೀತು. 1940ರ ಮೇ 10ರಂದು ಬ್ರಿಟನ್ ತಟಸ್ಥ ಐಸ್‌ಲ್ಯಾಂಡನ್ನು ಹಿಡಿಯಿತು. ಅಲ್ಲಿ ಪ್ರತಿಭಟನೆ ಬಾಯಿಮಾತಿನದು ಮಾತ್ರ. 1941ರ ಆಗಸ್ಟ್ 25ರಂದು ಬ್ರಿಟನ್ನೂ ಸೋವಿಯತ್ ಒಕ್ಕೂಟವೂ ಕೂಡಿ ತಟಸ್ಥ ಇರಾನಿನ ಮೇಲೆ ಎರಗಿದವು. ಖುರ್ರಂಶಹರ್ ಮತ್ತು ಅಬಾದಾನ್ ಬಂದರುಗಳಲ್ಲಿ ನಸುಕಿನಲ್ಲೇ ‘ಬಬ್ರ್’, ‘ಪಲಂಗ್’ ಎಂಬ ಇರಾನಿ ನೌಕೆಗಳು ಮುಳುಗಿದವು. ನೌಕಾಪಡೆಯ ಮುಖ್ಯಸ್ಥ ಬಯಂದೋರ್ ಅಂದೇ ಹತನಾದ. ಇದು ನಮಗೆ ಹೊರಗಿನ ಸುದ್ದಿಯಲ್ಲ, ಏಕೆಂದರೆ ದಡ ಹತ್ತಿದ ಪಡೆ 8ನೆಯ ಇಂಡಿಯನ್ ಡಿವಿಷನ್ನಿನದು. ಪಶ್ಚಿಮದಿಂದ ನುಗ್ಗಿದ್ದು ಜನರಲ್ ಸ್ಲಿಮ್ಮನ ಕೈಕೆಳಗಿನ 10ನೆಯ ಇಂಡಿಯನ್ ಡಿವಿಷನ್. ಸೆಪ್ಟೆಂಬರ್ 16ರಂದು ಪಟ್ಟ ಬಿಟ್ಟ ರೆಜಾ ಶಹಾನನ್ನು ಹಡಗಿನಲ್ಲಿ ನಮ್ಮ ಮುಂಬಯಿಯ ಬಂದರಿನ ತನಕ ಕರೆತಂದು, ನೆಲಕ್ಕೆ ಕಾಲಿಡಗೊಡದೆ, ಮಾರಿಷಸ್ಸಿಗೆ ಕಳುಹಿಸಿಬಿಟ್ಟರು. ತನ್ನದಲ್ಲದ ಜಗಳದಲ್ಲಿ ತನ್ನದಲ್ಲದ ಧ್ವಜದ ಕೆಳಗೆ ಮತ್ತೊಂದು ತಟಸ್ಥ ದೇಶವನ್ನು ತುಳಿದ ಭಾರತೀಯ ಸಿಪಾಯಿಯ ಪಾಡನ್ನು ನೆನೆದರೆ, ಸ್ವಾತಂತ್ರ್ಯಾನಂತರ ನೆಹರೂ ಅಲಿಪ್ತ ನೀತಿಗೆ ಅಷ್ಟು ಹಟದಿಂದ ಅಂಟಿಕೊಂಡದ್ದರ ಒಂದು ಕಾರಣ ಹೊಳೆಯುತ್ತದೆ. ಅಲಿಪ್ತತೆ ಮತ್ತು ತಾಟಸ್ಥ್ಯ ಒಂದೇ ಅಲ್ಲವೆಂಬುದನ್ನೂ ಅವರು ಹೇಳುತ್ತಲೇ ಬಂದಿದ್ದರು.

ಹಾಗಾದರೆ ಸ್ವೀಡನ್ ಹೇಗೆ ಉಳಿಯಿತು? ಅದು ನಾರ್ವೆಗಿಂತ ಹೆಚ್ಚು ಶಸ್ತ್ರಸಜ್ಜಿತವಾಗಿತ್ತು ನಿಜ. ಅದರ ಜೊತೆಗೆ 1940ರ ಬೇಸಿಗೆಯಿಂದ 1943ರ ಆಗಸ್ಟ್‌ವರೆಗೆ ನಾರ್ವೆಗೆ ಹೋಗಿಬರುವ ಲಕ್ಷಾಂತರ ಜರ್ಮನ್ ಸೈನಿಕರಿಗೆ ತನ್ನ ರೈಲುಮಾರ್ಗ ತೆರೆದುಕೊಟ್ಟಿತು. ಅದಿರನ್ನೂ ಮಾರುತ್ತಲೇ ಇತ್ತು. ಯುದ್ಧದಿಂದ ಅದು ಪಾರಾಯಿತು. ಪಕ್ಕದ ಮನೆ ಉರಿಯುವಾಗ ಕೊಳ್ಳಿ ಹಿಡಿದವನಿಗೆ ಓಣಿ ಬಿಟ್ಟುಕೊಟ್ಟ ನೆನಪು ಮಾತ್ರ ಉಳಿಯಿತು. 1949ರಲ್ಲಿ ನ್ಯಾಟೋ ಸ್ಥಾಪನೆಯಾದಾಗ ನಾರ್ವೆ ಮೊದಲ ದಿನವೇ ಸದಸ್ಯನಾಯಿತು. ಸ್ವೀಡನ್ ಆ ತೀರ್ಮಾನಕ್ಕೆ ಬರಲು ಇನ್ನೂ 75 ವರ್ಷ ತೆಗೆದುಕೊಂಡಿತು.

ಈ ಹಿನ್ನೆಲೆಯಲ್ಲಿ 2022ರ ಫೆಬ್ರವರಿಯ ಘಟನೆಗಳನ್ನು ನೋಡಿದರೆ ಪರಿಚಿತ ಚಹರೆಗಳು ಕಾಣುತ್ತವೆ. ಮೊದಲ ದಿನವೇ ರಷ್ಯದ ಹೆಲಿಕಾಪ್ಟರುಗಳು ಕೀವ್ ಹೊರವಲಯದ ಹೊಸ್ತೊಮೆಲ್ ವಿಮಾನನಿಲ್ದಾಣದ ಮೇಲೆ ಇಳಿದದ್ದು ಫೋರ್ನೆಬು ಮಾದರಿಯೇ. ಆದರೆ ಅಲ್ಲಿ ಎದುರಾದ ಪ್ರತಿರೋಧದಿಂದಾಗಿ ದೊಡ್ಡ ವಿಮಾನಗಳಲ್ಲಿ ಸೈನ್ಯ ಇಳಿಸುವ ಯೋಜನೆ ಕೈಗೂಡಲಿಲ್ಲ. ಅಧ್ಯಕ್ಷ ಜೆಲೆನ್‌ಸ್ಕಿ ಮರುದಿನ ರಾತ್ರಿ ರಾಜಧಾನಿಯ ಬೀದಿಯಲ್ಲೇ ನಿಂತು ತಾನಿಲ್ಲಿದ್ದೇನೆಂದು ತೋರಿಸಿಕೊಂಡರು. ಏಪ್ರಿಲ್ 14ರಂದು ಕಪ್ಪು ಸಮುದ್ರ ನೌಕಾದಳದ ಮುಂದಾಳು ನೌಕೆ ‘ಮಾಸ್ಕ್ವ’ ಮುಳುಗಿತು. ದಡದಿಂದ ಹಾರಿಸಿದ ತನ್ನ ಕ್ಷಿಪಣಿಗಳಿಂದ ಎಂದು ಯುಕ್ರೇನ್, ಬೆಂಕಿ ಆಕಸ್ಮಿಕದಿಂದ ಎಂದು ರಷ್ಯ ಹೇಳಿದವು. ದೊಡ್ಡ ನೌಕಾಪಡೆಯೇ ಇಲ್ಲದ ದೇಶ ದಡದಲ್ಲಿ ಕುಳಿತು ಕಡಲನ್ನು ಅಪಾಯಕಾರಿಯಾಗಿಸಬಹುದೆಂಬುದನ್ನು ಡ್ರೋಬಾಕ್ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿನ್ನದ ವಿಷಯವೂ ಮರಳಿ ಬಂದಿದೆ. ಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ ಪಾಶ್ಚಾತ್ಯ ದೇಶಗಳು ರಷ್ಯದ ಕೇಂದ್ರ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಮೌಲ್ಯದ ವಿದೇಶಿ ನಿಧಿಯನ್ನು ಸ್ತಂಭನಗೊಳಿಸಿದವು. ಆಕ್ರಮಣಕಾರನ ಹಣ ಅದು, ಮರುಕ ಬೇಕಿಲ್ಲ. ಆದರೂ ಒಂದು ದೇಶದ ನಿಧಿ ಯಾರ ಭದ್ರಕೋಣೆಯಲ್ಲಿರಬೇಕು ಎಂಬ ಪ್ರಶ್ನೆ ಆಗ ಎಲ್ಲ ಕೇಂದ್ರ ಬ್ಯಾಂಕುಗಳಿಗೂ ಹೊಸದಾಗಿ ಎದುರಾಯಿತು. 1991ರ ಜುಲೈಯಲ್ಲಿ ನಮ್ಮ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಮುಂಬಯಿಯಿಂದ ವಿಮಾನದಲ್ಲಿ ಕಳುಹಿಸಿ ಅಡವಿಟ್ಟದ್ದು ನಮ್ಮ ತಲೆಮಾರಿನವರಿಗೆ ಮರೆಯಲಾಗದ ಅವಮಾನ. ನಾರ್ವೆ ಪಾರುಮಾಡಿದ ಚಿನ್ನದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅದೇ ರಿಸರ್ವ್ ಬ್ಯಾಂಕು 2023-24ರ ಸಾಲಿನಲ್ಲಿ ಬ್ರಿಟನ್ನಿನಲ್ಲಿ ಇರಿಸಿದ್ದ ಸುಮಾರು 100 ಟನ್ ಚಿನ್ನವನ್ನು ಸ್ವದೇಶಕ್ಕೆ ತಂದಿತು. ಅಧಿಕೃತ ಕಾರಣ ಏನೇ ಇರಲಿ, ಅಲಿಪ್ತ ರಾಷ್ಟ್ರವೊಂದು ತನ್ನ ಪೆಟ್ಟಿಗೆಯ ಬೀಗದ ಕೈಯನ್ನು ತಾನೇ ಇಟ್ಟುಕೊಳ್ಳಬಯಸುವುದರಲ್ಲಿ ವಿವೇಕವಿದೆಯೆಂದೇ ನಮ್ಮ ಎಣಿಕೆ. ಮನೆಯಲ್ಲಿಟ್ಟ ಚಿನ್ನಕ್ಕೂ ಒಂದು ದಿನ 26 ಲಾರಿಗಳು ಬೇಕಾಗಬಹುದು ಎಂಬುದು ಬೇರೆ ಮಾತು.

ತಾಟಸ್ಥ್ಯವನ್ನು ಬರಿಯ ಕಾಗದವೆನ್ನುವವರಿಗೆ ಹೇಗ್ ನಗರದ 1907ರ ಒಪ್ಪಂದದ ಒಂದು ವಿಧಿಯನ್ನು ತೋರಿಸಬಹುದು. ತನ್ನ ತಾಟಸ್ಥ್ಯದ ಉಲ್ಲಂಘನೆಯನ್ನು ತಟಸ್ಥ ದೇಶ ಬಲಪ್ರಯೋಗದಿಂದ ತಡೆದರೂ ಅದು ಯುದ್ಧದ ಕೃತ್ಯವೆನಿಸದು ಎಂದು ಅದು ಹೇಳುತ್ತದೆ. ಎರಿಕ್ಸನ್ ಆ ನಸುಕಿನಲ್ಲಿ ಮಾಡಿದ್ದು ಇದನ್ನೇ. ಆತನಿಗೆ ಕೊನೆಗೆ ದೊರೆತದ್ದು ಪದಕ. ಆದರೆ ಮುಂದಿನ ಅಧಿಕಾರಿ ಅಂಥ ದ್ವಂದ್ವದಲ್ಲಿ ಸಿಲುಕಬಾರದೆಂದು ನಾರ್ವೆ 1949ರ ಜೂನ್‌ನಲ್ಲಿ ರಾಜಾಜ್ಞೆಯೊಂದನ್ನು ಹೊರಡಿಸಿತು. ಆಕ್ರಮಣವಾದಲ್ಲಿ ಪ್ರತಿಯೊಬ್ಬ ಸೇನಾಧಿಕಾರಿಯೂ ಮೇಲಿನ ಆಜ್ಞೆಗೆ ಕಾಯದೆ ಪ್ರತಿರೋಧಿಸತಕ್ಕದ್ದು. ಸೆರೆಸಿಕ್ಕ ಸರಕಾರದ ಹೆಸರಿನಲ್ಲಿ ಶರಣಾಗಲು ಆಜ್ಞೆ ಬಂದರೆ ಅದನ್ನು ಪಾಲಿಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಸೇನಾ ಕಚೇರಿಗಳಲ್ಲಿ ಅದು ‘ಗೋಡೆಯ ಮೇಲಿನ ಫಲಕ’ವೆಂದೇ ಹೆಸರಾಯಿತು. 2024ರ ನವೆಂಬರಿನಲ್ಲಿ ಸ್ವೀಡನ್ ಸರಕಾರವೂ ಅದೇ ದಾಟಿಯಲ್ಲಿ, ಪ್ರತಿರೋಧ ನಿಲ್ಲಿಸಿರೆಂದು ಬರುವ ಯಾವ ಸುದ್ದಿಯೂ ಸುಳ್ಳೆಂದು ಸಾರುವ ಕಿರುಪುಸ್ತಕವನ್ನು ಪ್ರತಿಯೊಂದು ಮನೆಗೂ ಕಳುಹಿಸಿತು. ಅದೂ ಅಂಚೆಯ ಮೂಲಕವೇ. ಆದರೆ ಈ ಬಾರಿ ಮುಂಚಿತವಾಗಿ.